ಕಂಬ ಬರುವ ಮೊದಲು ಬ್ಯಾಟರಿ ಬಂದಿತ್ತು

ಕರ್ನಾಟಕದ ಕರೆಂಟಿನ ಇತಿಹಾಸ ಅಂದ ಕೂಡಲೇ ನೆನಪಾಗೋದು ದೊಡ್ಡ ದೊಡ್ಡ ಹೆಸರುಗಳೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ತಂತಿ, 1905ರಲ್ಲಿ ಬೆಂಗಳೂರಿಗೆ ಬಂದ ಬೀದಿ ದೀಪ, 1948ರ ಜೋಗದ ವಿದ್ಯುದಾಗಾರ, ಆಮೇಲೆ ಶರಾವತಿ... ಆದರೆ ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಅದು ಮನೆಯ ಮೂಲೆಯಲ್ಲಿ, ಹಲಗೆ ಮೇಲೆ ಕೂತಿರುತ್ತಿದ್ದ ಹಳೇ ಕಾರು ಬ್ಯಾಟರಿಯದ್ದು.

ಶಂಕರಘಟ್ಟ ಗೊತ್ತಲ್ಲ? ಕುವೆಂಪು ವಿಶ್ವವಿದ್ಯಾಲಯ ಇರೋ ಊರು. ಹತ್ತಿರದಲ್ಲೇ ಭದ್ರಾ ಅಣೆಕಟ್ಟು, ಅಲ್ಲೇ ವಿದ್ಯುತ್ ಉತ್ಪಾದನೆಯೂ ಆಗುತ್ತೆ. ಹಾಗಂತ ಕಾಡಂಚಿನ ಒಂಟಿ ಮನೆಗೆಲ್ಲ ಕಂಬ ಬಂದುಬಿಡುತ್ತೆ ಅಂತೇನಿಲ್ಲ. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ಮಧ್ಯೆ ಒಂದು ಗುಡ್ಡ, ಒಂದು ತೋಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ನಾಡಿಗೆಲ್ಲ ಬೆಳಕು ಹರಿದರೂ, ಮುಳುಗಡೆಯಾದ ಎಷ್ಟೋ ಕುಟುಂಬಗಳಿಗೆ ದಶಕಗಟ್ಟಲೆ ಚಿಮಣಿ ಬುಡ್ಡಿಯೇ ಗತಿಯಾಗಿತ್ತು.

1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದಾಗ ಅಷ್ಟು ತೊಂದರೆ ಇರಲಿಲ್ಲ. ಟ್ರಾನ್ಸಿಸ್ಟರಿಗೆ ಟಾರ್ಚಿನ ಸೆಲ್ಲೇ ಸಾಕು. ಟೀವಿ ಬಂದ ಮೇಲೆ ಸೆಲ್ಲು ಸಾಲದಾಯ್ತು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಯ್ತಲ್ಲ, ಆಗ ದೇಶದ ಎಷ್ಟೋ ಹಳ್ಳಿಗಳಲ್ಲಿ 12 ವೋಲ್ಟಿನ ಕಪ್ಪು ಬಿಳುಪು ಟೀವಿಗೆ ಕಾರು, ಲಾರಿ, ಟ್ರ್ಯಾಕ್ಟರ್ ಬ್ಯಾಟರಿಗಳೇ ದಿಕ್ಕು. ಲೆಕ್ಕ ಹಾಕಿ ನೋಡಿ: 18 ವ್ಯಾಟಿನ ಟೀವಿ ಎಳೆಯೋದು ಒಂದೂವರೆ ಆಂಪಿಯರ್. 40 ಆಂಪಿಯರ್ ಅವರ್ ಬ್ಯಾಟರಿ ಹಳತಾಗಿ ಅರ್ಧ ಶಕ್ತಿ ಉಳಿದಿದ್ದರೂ 13 ಗಂಟೆ ಓಡುತ್ತೆ. ಕಾರಿಗೆ ಬೇಡವಾದದ್ದು ಮನೆಗೆ ಬೇಕಾಗಿದ್ದು ಹೀಗೆ.

ತಮಾಷೆ ಅಂದ್ರೆ, ಈ ಬ್ಯಾಟರಿ ಹುಟ್ಟಿದ್ದು ಕಾರಿಗೋಸ್ಕರ ಅಲ್ಲ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ತಗಡು, ಗಂಧಕಾಮ್ಲ ಇಟ್ಟುಕೊಂಡು ಇದನ್ನು ಮಾಡಿದಾಗ ಕಾರೇ ಇರಲಿಲ್ಲ! 1881ರಲ್ಲಿ ಕಮೀಲ್ ಫೋರ್ ತಗಡಿಗೆ ಸೀಸದ ಆಕ್ಸೈಡಿನ ಹಿಟ್ಟು ಮೆತ್ತುವ ದಾರಿ ಕಂಡುಹಿಡಿದ ಮೇಲೆ ಕಾರ್ಖಾನೆಯಲ್ಲಿ ಮಾಡೋದು ಸುಲಭವಾಯ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಸೆಲ್ಫ್ ಸ್ಟಾರ್ಟರ್ ಬಂತು. ಅಲ್ಲಿಂದ ಕಾರು ಬ್ಯಾಟರಿಯ ಗುಣ ಗಟ್ಟಿಯಾಯ್ತು: ಎರಡು ಮೂರು ಸೆಕೆಂಡು ನೂರಾರು ಆಂಪಿಯರ್ ಕೊಡಬೇಕು, ಆಮೇಲೆ ಸುಮ್ಮನಿರಬೇಕು. ಅದಕ್ಕೇ ಅದರ ಪ್ಲೇಟುಗಳು ತೆಳು, ಸಂಖ್ಯೆ ಜಾಸ್ತಿ.

ಮನೆಯ ವರ್ಕ್‌ಶಾಪಿನಲ್ಲಿ ಇಟ್ಟುಕೊಳ್ಳುವವರಿಗೆ ತೊಡಕಾಗೋದು ಇದೇ. ಅದನ್ನು ಪೂರ್ತಿ ಖಾಲಿ ಮಾಡಿ ಹಾಗೇ ಬಿಟ್ಟರೆ ಪ್ಲೇಟಿನ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತೆ, ಮತ್ತೆ ಕರಗೋಲ್ಲ. 12.6 ವೋಲ್ಟ್ ಅಂದ್ರೆ ತುಂಬಿದೆ, 12.2 ಅಂದ್ರೆ ಹೆಚ್ಚುಕಡಿಮೆ ಅರ್ಧ, ಅಲ್ಲಿಗೆ ನಿಲ್ಲಿಸಿ. ಎಲ್ಇಡಿ ದೀಪಕ್ಕೆ, 12 ವೋಲ್ಟಿನ ಬೆಸುಗೆ ಕಡ್ಡಿಗೆ, ಸಣ್ಣ ಡ್ರಿಲ್ಲಿಗೆ ಇಷ್ಟು ಧಾರಾಳ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದಾಗ ಇದರ ಬೆಲೆ ಗೊತ್ತಾಗುತ್ತೆ.

ಮುಚ್ಚಳ ಬಿಚ್ಚುವಂಥ ಬ್ಯಾಟರಿಯಾದರೆ ಹೈಡ್ರೋಮೀಟರ್ ಇಟ್ಟುಕೊಳ್ಳಿ. ಸಾಂದ್ರತೆ 1.265ರ ಆಸುಪಾಸಿದ್ದರೆ ಚಾರ್ಜ್ ತುಂಬಿದೆ. ಆರರಲ್ಲಿ ಒಂದೇ ಸೆಲ್ಲು ತುಂಬಾ ಕಡಿಮೆ ತೋರಿಸಿದರೆ ಅದರ ಕಥೆ ಮುಗೀತು. ಹಾಕೋದು ಡಿಸ್ಟಿಲ್ಡ್ ವಾಟರ್ ಮಾತ್ರ; ಆವಿಯಾಗೋದು ನೀರೇ ಹೊರತು ಆಸಿಡ್ ಅಲ್ಲ. ಚಾರ್ಜ್ ಆಗುವಾಗ ಹೊರಡೋ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು, ಅದಕ್ಕೆ ಕಿಟಕಿ ತೆಗೆದಿಡಿ. ಟರ್ಮಿನಲ್ ಪಕ್ಕದಲ್ಲೇ ಫ್ಯೂಸ್ ಇರಲಿ, ಕೈಯಲ್ಲಿ ಉಂಗುರ ಬೇಡ.

ಇಷ್ಟೇ ಆಗಿದ್ದರೆ ಇದೊಂದು ಜಾಣತನದ, ಮಿತವ್ಯಯದ ಕಥೆ ಆಗ್ತಿತ್ತು. ಆದರೆ ಸತ್ತ ಬ್ಯಾಟರಿ ಎಲ್ಲಿ ಹೋಯ್ತು? ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಗುಜರಿಗೆ ಹೋದದ್ದನ್ನು ಹಿತ್ತಲಲ್ಲೇ ಒಡೆದು, ಆಸಿಡ್ ಮಣ್ಣಿಗೆ ಸುರಿದು, ಸೀಸ ಕರಗಿಸಿ ಮಾರುವ ಕಸುಬು ಎಷ್ಟೋ ದೇಶಗಳಲ್ಲಿ ಬೆಳೀತು. ಸೆನೆಗಲ್ ದೇಶದ ಡಕಾರ್ ನಗರದ ಹೊರವಲಯದಲ್ಲಿ ಇಂಥದ್ದೇ ಜಾಗದಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚಿನೊಳಗೆ 18 ಪುಟ್ಟ ಮಕ್ಕಳು ಸತ್ತವು. ಆ ಮಣ್ಣಿನ ತುಂಬ ಹಳೇ ಬ್ಯಾಟರಿಗಳ ಸೀಸ. ಮಕ್ಕಳ ಮೆದುಳಿಗೆ ಇದು ವಿಷ, ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಪ್ರಮಾಣವೇ ಇಲ್ಲ.

ನಮ್ಮಲ್ಲಿ 2001ರ ನಿಯಮಗಳು ಹಳೇ ಬ್ಯಾಟರಿ ವಾಪಸ್ ತಗೊಳ್ಳೋ ಹೊಣೆಯನ್ನು ತಯಾರಕರ ಮೇಲೂ ಮಾರುವವರ ಮೇಲೂ ಹಾಕಿದವು. 2022ರ ಹೊಸ ನಿಯಮಗಳು ತಯಾರಕರ ಹೊಣೆಯನ್ನು ಇನ್ನಷ್ಟು ಗಟ್ಟಿ ಮಾಡಿದವು. ಕಾಗದದ ಮೇಲೆ ದಾರಿ ಇದೆ, ಆದರೆ ಆ ದಾರಿಯ ಮೊದಲ ಹೆಜ್ಜೆ ಇರೋದು ನಮ್ಮ ಮನೆ ಬಾಗಿಲಲ್ಲಿ.

ಕಂಬ ಇಲ್ಲದ ಕಾಲದಲ್ಲಿ ಒಂದು ಬ್ಯಾಟರಿಗೆ ಎರಡನೇ ಜನ್ಮ ಕೊಟ್ಟವರು ನಮ್ಮ ಹಿರಿಯರು. ಅದು ಸಣ್ಣ ಸಾಧನೆಯಲ್ಲ. ಅದಕ್ಕೊಂದು ಸರಿಯಾದ ಸಂಸ್ಕಾರ ಮಾಡೋದು ಮಾತ್ರ ನಮಗೆ ಉಳಿದಿರೋ ಕೆಲಸ. ನಿಮ್ಮನೆ ಅಟ್ಟದ ಮೇಲೋ ಕೊಟ್ಟಿಗೆ ಮೂಲೆಯಲ್ಲೋ ಒಂದು ಸತ್ತ ಬ್ಯಾಟರಿ ಬಿದ್ದಿದ್ದರೆ, ನೆಟ್ಟಗೆ ನಿಲ್ಲಿಸಿಕೊಂಡು ಹೋಗಿ ಬ್ಯಾಟರಿ ಅಂಗಡಿಗೇ ಕೊಡಿ. ಹೊಸದು ತಗೊಳ್ಳುವಾಗ ಹಳೇದಕ್ಕೆ ದುಡ್ಡೂ ಕಡಿಮೆ ಮಾಡ್ತಾರೆ ಕಣ್ರೀ!