ಬೀದರ ಸೀಮೆಯ ಮಲ್ಲವಿದ್ಯೆ

ಕ್ರೀಡೆಯು ಕೇವಲ ಕಾಲಹರಣದ ಸಾಧನವೆಂದು ಬಗೆಯುವವರುಂಟು. ಆದರೆ ಒಂದು ನಾಡಿನ ಜನರು ಏನನ್ನು ಆಡಿದರು, ಯಾರ ಸಲುವಾಗಿ ಆಡಿದರು ಎಂಬುದನ್ನು ವಿಚಾರಿಸಿದರೆ ಅವರ ಬಾಳಿನ ರೀತಿಯೇ ತಿಳಿದುಬರುವುದು. ಬೀದರ ಸೀಮೆಯ ಮಲ್ಲವಿದ್ಯೆಯು ಇದಕ್ಕೆ ತಕ್ಕ ನಿದರ್ಶನವಾಗಿರುವುದು.

ಈ ಸೀಮೆಗೆ ಸೇರಿದ ಕಲ್ಯಾಣದಲ್ಲಿ 1127ರಿಂದ 1138ರ ವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಭೂಲೋಕಮಲ್ಲ’ನೆಂಬ ಬಿರುದನ್ನು ಧರಿಸಿದ್ದನು. ಆತನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದ ನೂರು ಅಧ್ಯಾಯಗಳಲ್ಲಿ ಮಲ್ಲವಿನೋದಕ್ಕೂ ಒಂದು ಅಧ್ಯಾಯವು ಮೀಸಲಾಗಿದೆ. ಜಟ್ಟಿಗಳನ್ನು ಬಲಾನುಸಾರವಾಗಿ ವಿಂಗಡಿಸುವ ಕ್ರಮ, ಅವರ ಆಹಾರ, ಅಭ್ಯಾಸ ಇವೆಲ್ಲವೂ ಅಲ್ಲಿ ನಿರೂಪಿತವಾಗಿವೆ. ಆದರೆ ಹೆಸರೇ ಹೇಳುವಂತೆ ಅದು ಅರಸನ ವಿನೋದ. ಸೆಣಸುವವನು ಜಟ್ಟಿ, ನೋಡಿ ನಲಿಯುವವನು ಪ್ರಭು.

ಅದೇ ಶತಮಾನದಲ್ಲಿ ಅದೇ ಕಲ್ಯಾಣದ ಶರಣರು ಬೇರೊಂದು ದೃಷ್ಟಿಯನ್ನು ತೋರಿದರು. ವೇಷ ಹಾಕಿ ಆಡುವ ಬಹುರೂಪಿ ಚೌಡಯ್ಯನೂ ಜನರನ್ನು ನಗಿಸುವ ನಗೆಯ ಮಾರಿತಂದೆಯೂ ವಚನಕಾರರ ಪಂಕ್ತಿಗೆ ಸೇರಿದರು. ಶುದ್ಧಮನದಿಂದ ಆಡಿದರೆ ಆಟವೂ ಕಾಯಕವೇ, ಆಡುವವನು ಪರರ ವಿನೋದದ ವಸ್ತುವಲ್ಲ ಎಂಬ ತತ್ವವು ಇದರಿಂದ ಸ್ಪಷ್ಟವಾಗುವುದು.

ಹದಿನೈದನೆಯ ಶತಮಾನದಲ್ಲಿ ಬೀದರವು ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಆ ನಗರದ ಮನಿಯಾರ ತಾಲೀಮು, ನೂರಖಾನ ತಾಲೀಮು ಎಂಬ ಕೇರಿಗಳ ಹೆಸರುಗಳು ಅಲ್ಲಿಯ ವ್ಯಾಯಾಮಶಾಲೆಗಳ ನೆನಪನ್ನು ಇಂದಿಗೂ ಉಳಿಸಿಕೊಂಡಿವೆ. ತಾಲೀಮೆಂಬ ಅರಬ್ಬೀ ಶಬ್ದಕ್ಕೆ ಶಿಕ್ಷಣವೆಂದೇ ಅರ್ಥ. ಅರಮನೆಯ ವಿನೋದವಾಗಿದ್ದ ವಿದ್ಯೆಯು ಇಲ್ಲಿ ಕೇರಿಯ ತರುಣರ ಶಿಕ್ಷಣವಾಯಿತು. ಉಸ್ತಾದನಿಗೆ ವಂದಿಸಿ ಕೆಮ್ಮಣ್ಣಿಗೆ ಇಳಿದವನ ಮೈಮೇಲೆ ಸಿರಿತನದ ಗುರುತಾಗಲಿ ಬಡತನದ ಗುರುತಾಗಲಿ ಉಳಿಯದು.

ಔರಾದದ ಅಮರೇಶ್ವರ ಜಾತ್ರೆಯಲ್ಲಿಯೂ ಭಾಲ್ಕಿ ಸೀಮೆಯ ಹಳ್ಳಿಗಳ ಜಾತ್ರೆಗಳಲ್ಲಿಯೂ ಈ ವಿದ್ಯೆಯು ಊರವರೆಲ್ಲರ ಹಬ್ಬವಾಗಿ ಬೆಳೆದಿದೆ. ಹಲಗೆಯ ನಾದದೊಡನೆ ಮೊದಲು ಹುಡುಗರು ತೆಂಗಿನಕಾಯಿಗಾಗಿ ಸೆಣಸುವರು. ಕಡೆಗೆ ಹೆಸರಾಂತ ಪೈಲವಾನರು ಬೆಳ್ಳಿಯ ಕಡಗಕ್ಕಾಗಿ ಹೋರುವರು. ಹಿಡಿಯುವ ಮೊದಲು ಕೈಕುಲುಕುವರು. ಗೆದ್ದವನು ಸೋತವನನ್ನು ಅಪ್ಪಿಕೊಳ್ಳುವನು. ಅಲ್ಲಿ ಬೇಕಾದುದು ಬಲ, ಪಟ್ಟು, ಸಂಯಮ, ಕುಲವಲ್ಲ.

ಆದರೂ ಕಣದೊಳಗೆ ಭುಜಕ್ಕೆ ಭುಜ ತಾಗಿಸಿದವರೇ ಮೈಯ ಮಣ್ಣು ಒಣಗುವ ಮುನ್ನ ಮೇಲು ಕೀಳುಗಳ ಗೆರೆಯೊಳಗೆ ಮರಳಿದುದೂ ಉಂಟು. ಅರಸನ ವಿನೋದವು ಜನರ ವಿದ್ಯೆಯಾಗಲು ಶತಮಾನಗಳು ಬೇಕಾದವು. ಕಣದ ಸಮತೆಯು ಊರಿನ ಸಮತೆಯಾಗುವ ಕೆಲಸವು ಇನ್ನೂ ಉಳಿದಿದೆ. ಜಾತ್ರೆಯ ಕುಸ್ತಿಯನ್ನು ನೋಡಿ ಚಪ್ಪಾಳೆ ತಟ್ಟುವ ಸದ್ಭಕ್ತರು ಮನೆಗೆ ಮರಳುವಾಗ ಆ ಕೆಂಪುಮಣ್ಣಿನ ನಡೆಯನ್ನು ಜೊತೆಗೆ ಕೊಂಡೊಯ್ದರೆ ಶರಣರ ಮಾತು ಸಾರ್ಥಕವಾಗುವುದು.