ಹೆಸರು ಉಳಿದ ಡೈನಮೋ

ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ಯಾವುದಾದರೂ ಗ್ಯಾರೇಜಿಗೆ ಹೋಗಿ, ಗಾಡಿಯ ಎಂಜಿನ್ನಿನ ಪಕ್ಕದಲ್ಲಿ ಪಟ್ಟಾ ಸುತ್ತಿಕೊಂಡು ತಿರುಗುವ, ದೀಪಕ್ಕೂ ಬ್ಯಾಟರಿಗೂ ವಿದ್ಯುತ್ತನ್ನು ಒದಗಿಸುವ ಆ ಭಾಗಕ್ಕೆ ಏನೆನ್ನುತ್ತಾರೆಂದು ಕೇಳಿ ನೋಡಿ. 'ಡೈನಮೋ' ಎಂಬ ಉತ್ತರ ಬರುತ್ತದೆ. ಅದು ಡೈನಮೋ ಅಲ್ಲ, ಆಲ್ಟರ್ನೇಟರು. ಡೈನಮೋ ನಮ್ಮ ಗಾಡಿಗಳಿಂದ ಇಳಿದುಹೋಗಿ ದಶಕಗಳೇ ಸಂದಿವೆ. ಹೆಸರು ಮಾತ್ರ ಇನ್ನೂ ಇಳಿದಿಲ್ಲ. ವಸ್ತು ಹೋಗಿ ಶಬ್ದ ಉಳಿಯುವುದು ಭಾಷೆಯ ಅಭ್ಯಾಸಿಗೆ ಹೊಸ ಸಂಗತಿಯೇನಲ್ಲ. ಕನ್ನಡ ಕಲಿಸುತ್ತ ಮೂವತ್ತು ವರ್ಷ ಕಳೆದ ನನಗೂ ಅದು ಬಹುಕಾಲ ಬರಿಯ ವಿನೋದದ ವಿಷಯವಾಗಿತ್ತು. ಆದರೆ ಒಂದು ರಾತ್ರಿ ಅದೇ ಸಂಗತಿ ನಮ್ಮ ಮನೆಯ ಎರಡು ಜೀವಗಳನ್ನು ತಕ್ಕಡಿಯಲ್ಲಿಟ್ಟಿತು. ಆ ರಾತ್ರಿಯ ಮಾತು ತಿಳಿಯಬೇಕಾದರೆ ಈ ಯಂತ್ರದ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಅಯಸ್ಕಾಂತದ ಬಳಿಯಲ್ಲಿ ತಂತಿಯ ಸುರುಳಿ ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ. ಮರುವರ್ಷವೇ ಪ್ಯಾರಿಸಿನ ಪಿಕ್ಸಿ ಎಂಬ ಉಪಕರಣ ತಯಾರಕ ಕೈಯಿಂದ ತಿರುಗಿಸುವ ಯಂತ್ರವೊಂದನ್ನು ಮಾಡಿದ. ಅದರಲ್ಲಿ ಸುರುಳಿ ನಿಂತಿತ್ತು, ಅಯಸ್ಕಾಂತ ತಿರುಗುತ್ತಿತ್ತು. ಹುಟ್ಟಿದ ವಿದ್ಯುತ್ತಾದರೋ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಹರಿಯುವ ಪರ್ಯಾಯ ಪ್ರವಾಹ. ಅಂದಿನ ಪ್ರಯೋಗಗಳಿಗೆ ಬೇಕಾಗಿದ್ದುದು ಒಂದೇ ದಿಕ್ಕಿನ ಪ್ರವಾಹ. ಆದ್ದರಿಂದ ವಿಜ್ಞಾನಿ ಆಂಪಿಯರನ ಸಲಹೆಯಂತೆ, ತಿರುಗುತ್ತಲೇ ದಿಕ್ಕನ್ನು ಸರಿಪಡಿಸುವ ಸಾಧನವೊಂದನ್ನು ಅದಕ್ಕೆ ಜೋಡಿಸಲಾಯಿತು. ಮುಂದೆ ಡೈನಮೋಗಳಲ್ಲಿ ತಾಮ್ರದ ಪಟ್ಟಿಗಳ ಬಳೆಯಾಗಿ ಬೆಳೆದು 'ಕಮ್ಯುಟೇಟರ್' ಎನಿಸಿಕೊಂಡದ್ದು ಇದೇ. 'ಡೈನಮೋ' ಎಂಬ ಹೆಸರು ಬಂದದ್ದು 1860ರ ದಶಕದಲ್ಲಿ, ಜರ್ಮನಿಯ ಸೀಮೆನ್ಸನ ಕಾಲಕ್ಕೆ. ಶಕ್ತಿ ಎಂಬರ್ಥದ ಗ್ರೀಕ್ ಶಬ್ದ ಅದರ ಮೂಲ.

ಮೊದಮೊದಲ ಮೋಟಾರುಗಳ ದೀಪಗಳು ಕಾರ್ಬೈಡಿನ ಗ್ಯಾಸಿನಿಂದ ಉರಿಯುತ್ತಿದ್ದವು. ಎಂಜಿನ್ನನ್ನು ಕೈಹಿಡಿಯಿಂದ ತಿರುವಬೇಕಾಗಿತ್ತು. ಅಮೆರಿಕದ ಕೆಟರಿಂಗ್ ಎಂಬಾತನ ವಿದ್ಯುತ್ ಸ್ಟಾರ್ಟರು 1912ರಲ್ಲಿ ಕ್ಯಾಡಿಲ್ಯಾಕ್ ಗಾಡಿಯಲ್ಲಿ ಬಂದ ಮೇಲೆ ಬ್ಯಾಟರಿ, ಡೈನಮೋಗಳು ಮೋಟಾರಿನ ಬೇರ್ಪಡಿಸಲಾಗದ ಅಂಗಗಳಾದವು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ, ಸಾವಿರಗಟ್ಟಲೆ ತಯಾರಾದ ಜೀಪಿನಲ್ಲಿಯೂ ಇದ್ದುದು 6 ವೋಲ್ಟಿನ ಡೈನಮೋ. ಯುದ್ಧ ಮುಗಿದ ಮೇಲೆ ಮಿಲಿಟರಿಯ ಜೀಪುಗಳು ಹರಾಜಿನಲ್ಲಿ ನಾಗರಿಕರ ಕೈಸೇರಿದವು. 1947ರಿಂದ ಮುಂಬಯಿಯ ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿತು.

ನಮ್ಮ ನೆಲಕ್ಕೂ ಈ ಗಾಡಿಗೂ ಬಲು ಬೇಗ ನಂಟು ಬೆಳೆಯಿತು. ಅದಕ್ಕೆ ಕಾರಣ ನಮ್ಮ ಎರೆಮಣ್ಣು. ಬೇಸಿಗೆಯಲ್ಲಿ ಬಾಯಿಬಿಟ್ಟು ನಿಲ್ಲುವ ಈ ಮಣ್ಣು ಮಳೆ ಬಿತ್ತೆಂದರೆ ಅಂಟಾಗಿ ಗಾಲಿಯನ್ನು ಹಿಡಿದುಬಿಡುತ್ತದೆ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳಿಗೂ, ಉಗಾರದ ಸಕ್ಕರೆ ಕಾರ್ಖಾನೆಯ ಸುತ್ತಲಿನ ಕಬ್ಬಿನ ಬೆಳೆಗಾರರಿಗೂ, ಸರಕಾರಿ ಅಧಿಕಾರಿಗಳಿಗೂ ನಾಲ್ಕೂ ಗಾಲಿಗಳಿಗೆ ಶಕ್ತಿ ಹರಿಯುವ ಜೀಪು ಅನಿವಾರ್ಯವಾಯಿತು. ಜೀಪಿನ ಹಿಂದೆಯೇ ಡೈನಮೋ ರಿಪೇರಿಯ ಅಂಗಡಿಗಳು ಬಂದವು. ಸುಟ್ಟ ಆರ್ಮೇಚರಿಗೆ ಹೊಸ ತಂತಿ ಸುತ್ತುವುದು, ಸವೆದ ಕಾರ್ಬನ್ ಬದಲಿಸುವುದು, ಕಟೌಟಿನ ಮೊನೆಗಳನ್ನು ಉಜ್ಜುವುದು: ಇದು ಕೈಯಿಂದ ಕೈಗೆ ಬಂದ ವಿದ್ಯೆ. ಪುಸ್ತಕ ಓದದ ಮಿಸ್ತ್ರಿಗಳು ಇದರಲ್ಲಿ ಪಂಡಿತರಾಗಿದ್ದರು.

ಡೈನಮೋಕ್ಕೆ ಒಂದು ದೊಡ್ಡ ಕೊರತೆಯಿತ್ತು. ಎಂಜಿನ್ ನಿಧಾನವಾಗಿ ತಿರುಗಿದಾಗ ಅದು ಬ್ಯಾಟರಿಗೆ ಏನನ್ನೂ ಕೊಡುತ್ತಿರಲಿಲ್ಲ. ಕೆಸರಿನಲ್ಲಿ ತೆವಳುವ ಜೀಪಿನ ದೀಪಗಳು ಮಂಕಾಗುತ್ತಿದ್ದುದು ಇದರಿಂದಲೇ. ಹಾಗೆಂದು ಅದನ್ನು ಹೆಚ್ಚು ವೇಗದಲ್ಲಿ ತಿರುಗಿಸೋಣವೆಂದರೆ ಕಮ್ಯುಟೇಟರೂ ಕಾರ್ಬನ್ನೂ ತಾಳುತ್ತಿರಲಿಲ್ಲ. ಇದರ ಪರಿಹಾರ ಬಂದದ್ದು ಹೊರಗಿನಿಂದ. ಸಿಲಿಕಾನಿನ ಡಯೋಡು, ಎಂದರೆ ವಿದ್ಯುತ್ತಿಗೆ ಒಂದೇ ಕಡೆಗೆ ತೆರೆಯುವ ಬಾಗಿಲು, ಅಗ್ಗವಾಗಿ ದೊರೆಯತೊಡಗಿದಾಗ ದಿಕ್ಕನ್ನು ಸರಿಪಡಿಸಲು ತಾಮ್ರದ ಬಳೆ ಬೇಡವಾಯಿತು. ಸುರುಳಿಯನ್ನು ನಿಲ್ಲಿಸಿ, ಕಾಂತವನ್ನು ತಿರುಗಿಸಿ, ಹುಟ್ಟಿದ ಪರ್ಯಾಯ ಪ್ರವಾಹವನ್ನು ಆರು ಡಯೋಡುಗಳ ಮೂಲಕ ಹಾಯಿಸಿದರೆ ಸಾಕು. 1960ರ ಮಾದರಿಯ ಕ್ರೈಸ್ಲರ್ ಕಂಪನಿಯ ವೇಲಿಯಂಟ್ ಕಾರಿನೊಡನೆ ಆಲ್ಟರ್ನೇಟರು ಸಾಮಾನ್ಯ ಗಾಡಿಗಳಿಗೆ ಬಂದಿತು. ನೂರಿಪ್ಪತ್ತೆಂಟು ವರ್ಷ ಸುತ್ತಾಡಿ ವಿದ್ಯೆ ಪಿಕ್ಸಿಯ ಮೊದಲ ಯಂತ್ರದ ವಿನ್ಯಾಸಕ್ಕೇ ಮರಳಿತೆಂದರೆ ತಪ್ಪಾಗಲಾರದು.

ನಮ್ಮ ಭಾಗದಲ್ಲಿ ನಾನು ಅದನ್ನು ಕಂಡದ್ದು 1980ರ ದಶಕದಲ್ಲಿ. ಬೇರೆ ಹೆಸರು ಇಡುವ ಗೋಜಿಗೆ ಯಾರೂ ಹೋಗಲಿಲ್ಲ. ಅದೇ ಜಾಗ, ಅದೇ ಪಟ್ಟಾ, ಅದೇ ಕೆಲಸ. ಆದುದರಿಂದ ಅದೂ ಡೈನಮೋ ಎನಿಸಿತು.

ಈಗ ಆ ರಾತ್ರಿಗೆ ಬರುತ್ತೇನೆ. 1986ರ ಮಳೆಗಾಲ. ಅಥಣಿ ತಾಲೂಕಿನ ನಮ್ಮ ಹಳ್ಳಿಗೆ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಸೋದರಮಾವನ ಬಳಿ ಡಿಸೆಲ್ ಜೀಪಿತ್ತು. ಆ ದಿನ ಬೆಳಿಗ್ಗೆ ದೀಪ ಮಂಕಾಗುತ್ತದೆಂದು ಮಾಮ ಅದನ್ನು ಗ್ಯಾರೇಜೊಂದಕ್ಕೆ ಒಯ್ದ. ಅಲ್ಲಿಯ ಮಿಸ್ತ್ರಿ ಸಡಿಲವಾಗಿದ್ದ ಪಟ್ಟಾ ಬಿಗಿದ. ಅಷ್ಟಕ್ಕೇ ನಿಲ್ಲಿಸದೆ, ಡೈನಮೋದ ಕಾಲದಿಂದ ಬಂದ ಪರೀಕ್ಷೆಯನ್ನು ಮಾಡಿದ. ಎಂಜಿನ್ ನಡೆಯುತ್ತಿದ್ದಂತೆಯೇ ಬ್ಯಾಟರಿಯ ತಂತಿಯನ್ನು ಕಿತ್ತ. ಎಂಜಿನ್ ಆರಲಿಲ್ಲ. "ಡೈನಮೋ ಚಲೋ ಐತ್ರಿ ಮಾಲಕರ" ಎಂದ.

ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹೊತ್ತಲು ವಿದ್ಯುತ್ತು ಬೇಕು. ಬ್ಯಾಟರಿ ತೆಗೆದರೂ ಎಂಜಿನ್ ನಡೆದರೆ ಡೈನಮೋ ಕೆಲಸ ಮಾಡುತ್ತಿದೆಯೆಂದು ಅರ್ಥ. ಅಂದಿನ ಡಿಸೆಲ್ ಎಂಜಿನ್ನಿಗೆ ಒಮ್ಮೆ ಹೊತ್ತಿಕೊಂಡ ಮೇಲೆ ವಿದ್ಯುತ್ತೇ ಬೇಡ. ಆ ಪರೀಕ್ಷೆಯಿಂದ ತಿಳಿಯುವುದು ಏನೂ ಇಲ್ಲ. ಕೆಡುವುದು ಮಾತ್ರ ಬಹಳ. ನಡೆಯುವ ಆಲ್ಟರ್ನೇಟರಿನಿಂದ ಬ್ಯಾಟರಿಯನ್ನು ಬಿಡಿಸಿದರೆ 12 ವೋಲ್ಟಿನ ಗಾಡಿಯಲ್ಲಿ ಕ್ಷಣಮಾತ್ರಕ್ಕೆ ಅದರ ಹಲವು ಪಟ್ಟು ಒತ್ತಡ ಚಿಮ್ಮಿ ಡಯೋಡುಗಳು ಸುಡುತ್ತವೆ. ಸುಟ್ಟ ಡಯೋಡು ಎರಡೂ ಕಡೆಗೆ ತೆರೆದ ಬಾಗಿಲು; ನಿಂತ ಗಾಡಿಯ ಬ್ಯಾಟರಿಯನ್ನೂ ಅದು ಬರಿದುಮಾಡುತ್ತದೆ.

ಇದಾವುದೂ ನಮಗೆ ತಿಳಿದಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಕ್ಕನಿಗೆ ಬೇನೆ ಹೆಚ್ಚಿತು. ಕೂಸು ಅಡ್ಡವಾಗಿದೆ, ಮಿರಜಕ್ಕೆ ಒಯ್ಯಿರಿ ಎಂದು ಸೂಲಗಿತ್ತಿ ಹೇಳಿದಳು. ಜೀಪಿನ ಸೆಲ್ಫು ಎಳೆಯಲಿಲ್ಲ. ಓಣಿಯವರೆಲ್ಲ ಸೇರಿ ನೂಕಿದಾಗ ಹೊತ್ತಿಕೊಂಡಿತು. ಊರು ದಾಟುವುದರೊಳಗೆ ದೀಪಗಳು ಹಳದಿಯಾದವು, ಮತ್ತೆ ಕೆಂಪಾದವು, ಎರೆಯ ದಾರಿಯ ನಡುವೆ ಆರಿಯೇಹೋದವು. ಸುತ್ತಲೂ ಕಬ್ಬು, ಮೇಲೆ ಮೋಡ, ಜಿನುಗುವ ಮಳೆ.

"ತಮ್ಮಾ, ಎಂಜಿನ್ ಆರಿತಂದ್ರ ಮುಗೀತು. ನೀ ಬ್ಯಾಟರಿ ತಗೊಂಡು ಮುಂದ ನಡಿ" ಎಂದ ಮಾಮ.

ಮೂರು ಸೆಲ್ಲಿನ ಕೈದೀಪವನ್ನು ಹಿಡಿದು, ಬೆನ್ನಿಗೆ ಬಿಳಿಯ ಧೋತರ ಕಟ್ಟಿಕೊಂಡು ನಾನು ಕೆಸರಿನಲ್ಲಿ ಮುಂದೆ ನಡೆದೆ. ಹಿಂದಿನಿಂದ ಜೀಪು ಚಿಕ್ಕ ಗೇರಿನಲ್ಲಿ ಗೊರಗುಟ್ಟುತ್ತ ಬಂದಿತು. ಅಕ್ಕನ ನರಳಾಟ ಕೇಳಿಸುತ್ತಿದ್ದಾಗ ಹೆದರಿಕೆಯಾಗುತ್ತಿತ್ತು. ಕೇಳಿಸದಿದ್ದಾಗ ಇನ್ನೂ ಹೆಚ್ಚು ಹೆದರಿಕೆಯಾಗುತ್ತಿತ್ತು. ಡಾಂಬರು ರಸ್ತೆ ಸಿಕ್ಕ ಮೇಲೆ ಮಡ್ಗಾರ್ಡಿನ ಮೇಲೆ ಕುಳಿತು ದಾರಿ ತೋರಿಸಿದೆ. ಕಾಗವಾಡದ ಬಳಿ ಲಾರಿಯೊಂದು ಸಿಕ್ಕಿತು. ನಮ್ಮ ಸ್ಥಿತಿಯನ್ನು ಕಂಡು ಅದರ ಚಾಲಕ ನಿಧಾನವಾಗಿ ಮುಂದೆ ನಡೆಸಿದ. ಅದರ ಕೆಂಪು ದೀಪಗಳ ಬೆನ್ನು ಹಿಡಿದು ನಾವು ಮಿರಜವನ್ನು ಸೇರಿದೆವು. ಬೆಳಗಾಗುವ ಮೊದಲು ಶಸ್ತ್ರಕ್ರಿಯೆಯಾಯಿತು. ಇನ್ನರ್ಧ ಗಂಟೆ ತಡವಾಗಿದ್ದರೆ ಕೂಸಿನ ಆಸೆ ಇರಲಿಲ್ಲವೆಂದು ಡಾಕ್ಟರರು ಹೇಳಿದರು.

ಆ ಊರಿನಲ್ಲಿಯೇ ಮುದುಕ ಮಿಸ್ತ್ರಿಯೊಬ್ಬ ಜೀಪಿನ ಆ ಭಾಗವನ್ನು ಬಿಚ್ಚಿದ. ಸಾವಿರಾರು ಡೈನಮೋಗಳಿಗೆ ತಂತಿ ಸುತ್ತಿದ ಕೈ ಅದು. ಡಯೋಡಿನ ತಟ್ಟೆಯನ್ನು ಹೊರಗೆ ತೆಗೆದು, ಸಣ್ಣ ಬಲ್ಬು ಹಚ್ಚಿ ಒಂದೊಂದನ್ನೂ ಎರಡು ಕಡೆಯಿಂದ ಪರೀಕ್ಷಿಸಿ ತೋರಿಸಿದ. ಒಂದೇ ಕಡೆಗೆ ಬಲ್ಬು ಹೊತ್ತಿದರೆ ಒಳ್ಳೆಯದು; ಎರಡೂ ಕಡೆಗೆ ಹೊತ್ತಿದರೆ ಅಥವಾ ಎರಡೂ ಕಡೆಗೆ ಹೊತ್ತದಿದ್ದರೆ ಸತ್ತದ್ದು. ನಮ್ಮವು ಎರಡು ಸತ್ತಿದ್ದವು. ಬೆಳಗಿನ ಪರೀಕ್ಷೆಯ ಸಂಗತಿಯನ್ನು ಮಾಮ ಹೇಳಿದಾಗ ಆತ ನಕ್ಕು, "ಹೆಸರು ಅದ ಐತ್ರಿ, ಹೊಟ್ಟಿ ಬ್ಯಾರೆ ಐತಿ. ನಾನೂ ಮೊದಲ ಎರಡು ಸುಟ್ಟೇನಿ" ಎಂದ. ತಟ್ಟೆಯನ್ನಷ್ಟೇ ಬದಲಿಸಿದ, ಸುರುಳಿ, ಬೇರಿಂಗು ಹಳೆಯವೇ ಉಳಿದವು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಗ್ಯಾರೇಜಿನವನು ಅಜ್ಞಾನಿಯಾಗಿರಲಿಲ್ಲ. ತನಗೆ ಚೆನ್ನಾಗಿ ಗೊತ್ತಿದ್ದುದನ್ನೇ ಆತ ಮಾಡಿದ್ದ. ಒಂದು ಕಾಲಕ್ಕೆ ಸಲ್ಲುತ್ತಿದ್ದ ಜ್ಞಾನವನ್ನು ಹಳೆಯ ಹೆಸರು ಹೊಸ ವಸ್ತುವಿನ ಬಾಗಿಲಿನವರೆಗೆ ಕರೆತಂದು ಬಿಟ್ಟಿತ್ತು. ಹಳಗನ್ನಡ ಕಾವ್ಯವನ್ನು ಓದುವಾಗ ನಾವೂ ಇಂಥ ತಪ್ಪನ್ನೇ ಮಾಡುವುದುಂಟು. ಶಬ್ದ ಪರಿಚಿತವೆಂದು ಅರ್ಥವನ್ನು ವಿಚಾರಿಸದೆ ಮುಂದೆ ಹೋಗುತ್ತೇವೆ. ನಮ್ಮ ತಪ್ಪಿಗೆ ಹೆಚ್ಚೆಂದರೆ ಒಂದು ಪದ್ಯ ಕೆಡುತ್ತದೆ.

ಈಗ ಕಾಗವಾಡ, ನಿಪ್ಪಾಣಿಗಳು ತಾಲೂಕುಗಳಾಗಿವೆ, ರಸ್ತೆಗಳು ಸುಧಾರಿಸಿವೆ. ಆಲ್ಟರ್ನೇಟರು ಕೆಟ್ಟರೆ ಇಡಿಯದನ್ನೇ ತೆಗೆದು ಹೊಸತನ್ನು ಕೂಡಿಸುವುದು ಹೆಚ್ಚಾಗಿದೆ. ಬಿಚ್ಚಿ ನೋಡುವ ಮಿಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಇದನ್ನು ಬರಿಯ ನಷ್ಟವೆಂದು ನಾನು ಹೇಳಲಾರೆ. ಹೊಸತು ಬೇಗ ಸಿಗುವುದೂ ಒಂದು ಸೌಖ್ಯವೇ. ಆದರೆ ಎಷ್ಟೋ ಸಲ ಕೆಟ್ಟಿರುವುದು ಸಡಿಲವಾದ ಪಟ್ಟಾ, ಸವೆದ ಕಾರ್ಬನ್, ಇಲ್ಲವೆ ಮುಂದಿನ ಫಲಕದ ಸಣ್ಣ ಕೆಂಪು ಬಲ್ಬು ಮಾತ್ರ. ಅನೇಕ ಗಾಡಿಗಳಲ್ಲಿ ಆ ಬಲ್ಬಿನ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಚೇತನ ಹರಿಯುತ್ತದೆ. ಅದು ಆರಿದ್ದರೆ ಒಳ್ಳೆಯ ಯಂತ್ರವೂ ಸತ್ತಂತೆ ಕಾಣುತ್ತದೆ. ಬದಲಿಸುವ ಮೊದಲು ಕೇಳಿ ನೋಡುವ ವ್ಯವಧಾನ ಬೇಕು.

ಅಂದು ಮಿರಜದಲ್ಲಿ ಹುಟ್ಟಿದ ಅಕ್ಕನ ಮಗ ಇಂದು ಕಬ್ಬು ಬೆಳೆಯುತ್ತಾನೆ. ಅಜ್ಜ ಮಾಮನ ಅದೇ ಜೀಪನ್ನು ಇಟ್ಟುಕೊಂಡಿದ್ದಾನೆ. ಕಳೆದ ಮಳೆಗಾಲದಲ್ಲಿ ಫೋನು ಮಾಡಿ, "ಮಾಮಾ, ಡೈನಮೋ ಹೋಗೇತಿ" ಎಂದ. ಶಬ್ದವನ್ನು ನಾನು ತಿದ್ದಲಿಲ್ಲ. "ಎಂಜಿನ್ ಚಾಲೂ ಇದ್ದಾಗ ಬ್ಯಾಟರಿ ವಾಯರು ಬಿಚ್ಚಿಲ್ಲ ಹೌದಲ್ಲೋ?" ಎಂದಷ್ಟೇ ಕೇಳಿದೆ.