ಎತ್ತಿನ ಗಾಡಿ ಹತ್ತಿದ ಇತಿಹಾಸದ ಪಾಠ

1971ರ ಕೊನೆಯಲ್ಲಿ ಡಾನ್ ರಾವಿಟ್ಷ್ ಎಂಬ ತರುಣ ಅಮೆರಿಕದ ಮಿನಿಯಾಪೊಲಿಸ್ ನಗರದ ಶಾಲೆಯೊಂದರಲ್ಲಿ ಪಾಠಾಭ್ಯಾಸಕ್ಕೆ ನಿಂತಿದ್ದರು. ಎಂಟನೇ ತರಗತಿ, ಇತಿಹಾಸದ ಪೀರಿಯಡ್ಡು. 19ನೇ ಶತಮಾನದ ನಡುವಿನಲ್ಲಿ ಮಿಸೌರಿಯಿಂದ ಒರೆಗಾನ್‌ವರೆಗೆ ಸುಮಾರು 3,200 ಕಿ.ಮೀ. ದೂರವನ್ನು ಗಾಡಿ ಕಟ್ಟಿಕೊಂಡು ಹೋದ ವಲಸಿಗರ ಪಾಠ ಮಾಡಬೇಕಿತ್ತು. ಬೋರ್ಡಿನ ಮೇಲೆ ಇಸವಿ ಬರೆದರೆ ಮಕ್ಕಳು ಆಕಳಿಸುತ್ತಾರೆ ಎಂಬುದು ಯಾವ ದೇಶದ ಮೇಷ್ಟ್ರಿಗೂ ಗೊತ್ತಿರುವ ಸಂಗತಿಯೇ. ಅದಕ್ಕೇ ರಾವಿಟ್ಷ್ ನಕ್ಷೆಯೊಂದನ್ನು ಹರಡಿಕೊಂಡು ಪಗಡೆಯಂತೆ ಕಾಯಿ ನಡೆಸುವ ಆಟ ಹೊಂದಿಸುತ್ತಿದ್ದರು. ಕೋಣೆ ಹಂಚಿಕೊಂಡಿದ್ದ ಗೆಳೆಯರಾದ ಬಿಲ್ ಹೈನ್‌ಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಗಣಿತದವರು, ಪ್ರೋಗ್ರಾಮಿಂಗ್ ಬಲ್ಲವರು. ಇದನ್ನು ಕಂಪ್ಯೂಟರಿಗೇ ಹಾಕಿಬಿಡೋಣ ಎಂದರು. ಡಿಸೆಂಬರ್ 3ರಂದು ‘ದಿ ಒರೆಗಾನ್ ಟ್ರೈಲ್’ ಮಕ್ಕಳ ಕೈಗೆ ಬಂತು.

ಕಂಪ್ಯೂಟರ್ ಎಂದರೆ ಈಗಿನದಲ್ಲ. ಪರದೆಯೇ ಇರಲಿಲ್ಲ. ದೂರದಲ್ಲೆಲ್ಲೋ ಇದ್ದ ಯಂತ್ರಕ್ಕೆ ಫೋನ್ ತಂತಿಯ ಮೂಲಕ ಜೋಡಿಸಿದ ಟೆಲಿಟೈಪ್ ಕಟಕಟ ಸದ್ದು ಮಾಡುತ್ತ ಕಾಗದದ ಸುರುಳಿಯ ಮೇಲೆ ಅಕ್ಷರ ಒತ್ತುತ್ತಿತ್ತು, ಅಷ್ಟೇ. ಎತ್ತಿಗೆಷ್ಟು, ಆಹಾರಕ್ಕೆಷ್ಟು, ಗುಂಡು-ಮದ್ದಿಗೆಷ್ಟು, ಬಟ್ಟೆಗೆಷ್ಟು ಎಂದು ಅದು ಕೇಳುತ್ತದೆ, ಮಕ್ಕಳು ಅಂಕಿ ಒತ್ತುತ್ತಾರೆ. 1978ರಲ್ಲಿ ಅಚ್ಚಾದ ಆವೃತ್ತಿಯಲ್ಲಿ ಲೆಕ್ಕ ಹೀಗಿದೆ: ಕೂಡಿಟ್ಟಿದ್ದು 900 ಡಾಲರ್, ಗಾಡಿಗೆ ಹೋದದ್ದು 200, ಮಿಕ್ಕ 700ರಲ್ಲಿ ಬದುಕಿ ತಲುಪಬೇಕು. ಬೇಟೆಗೆ ಬಂದೂಕಿಲ್ಲ. ಗುಂಡಿನ ಸದ್ದಿನ ಪದವನ್ನು ಎಷ್ಟು ಬೇಗ ಟೈಪ್ ಮಾಡುತ್ತೀರೋ ಅಷ್ಟು ಮಾಂಸ.

ಯಂತ್ರ ಒಂದೇ, ಮಕ್ಕಳು ಹಲವರು. ಹಾಗಾಗಿ ಗುಂಪುಗಳಾದವು. ಮೊದಮೊದಲು ಕೈಯೆತ್ತಿಸಿ ಬಹುಮತ ನೋಡುತ್ತಿದ್ದ ಮಕ್ಕಳು ಬೇಗನೆ ಕೆಲಸ ಹಂಚಿಕೊಂಡರು. ಬೆರಳು ಚುರುಕಿದ್ದವರಿಗೆ ಬೇಟೆ, ಇನ್ನೊಬ್ಬರಿಗೆ ನಕ್ಷೆ, ಮತ್ತೊಬ್ಬರಿಗೆ ದುಡ್ಡಿನ ಲೆಕ್ಕ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಟರ್ಮ್ ಮುಗಿದಾಗ ರಾವಿಟ್ಷ್ ಪ್ರೋಗ್ರಾಮನ್ನು ಯಂತ್ರದಿಂದ ಅಳಿಸಿದರು. ಆದರೆ ಮುದ್ರಿತ ಪ್ರತಿಯೊಂದನ್ನು ಎತ್ತಿಟ್ಟುಕೊಂಡಿದ್ದರು. 1974ರಲ್ಲಿ ಮಿನ್ನೆಸೋಟ ರಾಜ್ಯದ ಶಾಲಾ ಕಂಪ್ಯೂಟರ್ ಸಂಸ್ಥೆಯಾದ ‘ಮೆಕ್’ ಸೇರಿದಾಗ ಅದನ್ನೇ ಮುಂದಿಟ್ಟುಕೊಂಡು ಮತ್ತೆ ಸಾಲುಸಾಲಾಗಿ ಒತ್ತಿದರು. ಈ ಸಲ ಇನ್ನೊಂದು ಕೆಲಸವನ್ನೂ ಮಾಡಿದರು. ವಲಸಿಗರ ದಿನಚರಿಗಳನ್ನು ಓದಿ, ದಾರಿಯಲ್ಲಿ ಕಾಯಿಲೆ ಬಿದ್ದದ್ದು ಎಷ್ಟು ಸಲ, ಗಾಡಿ ಮುರಿದದ್ದು ಎಷ್ಟು ಸಲ, ಹವೆ ಕೈಕೊಟ್ಟದ್ದು ಎಷ್ಟು ಸಲ ಎಂದು ಎಣಿಸಿ, ಆಟದ ಅನಾಹುತಗಳನ್ನು ಆ ಪ್ರಮಾಣಕ್ಕೆ ತಕ್ಕಂತೆ ಹೊಂದಿಸಿದರು. ಇತಿಹಾಸ ಆಟದ ಮೇಲೆ ಅಂಟಿಸಿದ ಪ್ರಶ್ನೆಯಾಗಿ ಉಳಿಯಲಿಲ್ಲ, ಆಟದ ಅದೃಷ್ಟವೇ ಆಯಿತು. ಈ ಆಟದ ಗುಟ್ಟು ಇರುವುದು ಇಲ್ಲೇ.

ಈ ಗುಟ್ಟಿಗೆ ಸಿದ್ಧಾಂತದ ರೂಪ ಕೊಟ್ಟವರು ಥಾಮಸ್ ಮ್ಯಾಲೋನ್. 1980ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಿಎಚ್.ಡಿ.ಗಾಗಿ ಅವರು ಕೇಳಿಕೊಂಡದ್ದು ತೀರಾ ಸರಳವಾದ ಪ್ರಶ್ನೆ: ಕಲಿಕೆ ಮಜಾ ಎನಿಸುವುದು ಯಾವುದರಿಂದ? ಭಿನ್ನರಾಶಿ ಕಲಿಸುವ ‘ಡಾರ್ಟ್ಸ್’ ಎಂಬ ಆಟವನ್ನು ಎತ್ತಿಕೊಂಡರು. ಸಂಖ್ಯಾರೇಖೆಗೆ ಬಲೂನು ಅಂಟಿರುತ್ತವೆ. ಬಲೂನು ಇರುವ ಜಾಗವನ್ನು ಭಿನ್ನರಾಶಿಯಲ್ಲಿ ಟೈಪ್ ಮಾಡಿದರೆ ಬಾಣ ಹಾರುತ್ತದೆ. ಲೆಕ್ಕ ತಪ್ಪಿದರೆ ಬಾಣ ಬೇರೆಡೆ ನಾಟಿ, ಎಷ್ಟು ತಪ್ಪಿತೆಂಬುದನ್ನೂ ತೋರಿಸುತ್ತದೆ. ಮ್ಯಾಲೋನ್ ಇದರಿಂದ ಸಂಗೀತ, ಅಂಕ, ಬಲೂನು ಹೀಗೆ ಒಂದೊಂದನ್ನೇ ಕಿತ್ತು ಬೇರೆ ಬೇರೆ ರೂಪ ಮಾಡಿ ಐದನೇ ತರಗತಿಯ ಮಕ್ಕಳ ಮುಂದಿಟ್ಟರು. ಬಲೂನು ಒಡೆಯುವ ಕಲ್ಪನೆ ಹುಡುಗರಿಗೆ ಹಿಡಿಸಿತು, ಹುಡುಗಿಯರಿಗೆ ಹಿಡಿಸಲಿಲ್ಲ! ಸವಾಲು, ಕಲ್ಪನೆ, ಕುತೂಹಲ ಎಂಬ ಮೂರನ್ನು ಮ್ಯಾಲೋನ್ ಮುಖ್ಯವೆಂದರು. ಜೊತೆಗೆ, ಕಲ್ಪನೆ ಪಾಠದೊಳಗೆ ಬೆಸೆದಿರಬೇಕು, ಹೊರಗಿನಿಂದ ತಗುಲಿಸಿದ್ದಾಗಬಾರದು ಎಂದೂ ವಾದಿಸಿದರು.

ತಗುಲಿಸಿದ ಆಮಿಷದ ಕಥೆ ಅದೇ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಮೊದಲೇ ಬಯಲಾಗಿತ್ತು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್‌ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನವದು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸಲು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಬಂಗಾರದ ಮುದ್ರೆ ಮತ್ತು ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಒಂದೆರಡು ವಾರ ಕಳೆದು ಬರೀ ಪೆನ್ನು ಇಟ್ಟು ನೋಡಿದರೆ, ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಅರ್ಧದಷ್ಟು. ಹೇಳದೆ ಬಹುಮಾನ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ.

ಮಾರುಕಟ್ಟೆ ಇದಕ್ಕೆಲ್ಲ ಕಿವಿಗೊಡಲಿಲ್ಲ. 1983ರಲ್ಲಿ ಬಂದ ‘ಮ್ಯಾತ್ ಬ್ಲಾಸ್ಟರ್’ ಮಾದರಿಯ ಆಟಗಳಲ್ಲಿ ಲೆಕ್ಕ ಒಂದು ಕಡೆ, ಗುಂಡು ಹಾರಿಸುವುದು ಇನ್ನೊಂದು ಕಡೆ. ಗುಳಿಗೆಗೆ ಬೆಲ್ಲ ಸವರಿದ ಹಾಗೆ. ಕೂಡುವ ಲೆಕ್ಕ ತೆಗೆದು ಕಾಗುಣಿತ ಹಾಕಿದರೂ ಆಟ ಹಾಗೇ ನಡೆಯುತ್ತದೆ. ಅಭ್ಯಾಸಕ್ಕೆ ಅವು ಕೆಲಸಕ್ಕೆ ಬಂದಿರಬಹುದು. ಲೆಕ್ಕದ ಮೇಲೆ ಪ್ರೀತಿ ಹುಟ್ಟಿಸಿದವು ಎನ್ನುವುದು ಕಷ್ಟ.

‘ಒರೆಗಾನ್ ಟ್ರೈಲ್’ ಕೂಡ ದೋಷವಿಲ್ಲದ್ದಲ್ಲ. ಫಿಲಿಪ್ ಬೂಶಾರ್ಡ್ ನೇತೃತ್ವದಲ್ಲಿ 1985ರಲ್ಲಿ ಆಪಲ್ ಕಂಪ್ಯೂಟರಿಗಾಗಿ ಅದನ್ನು ಹೊಸದಾಗಿ ರೂಪಿಸಿದಾಗ ಬೇಟೆ ಪರದೆಯ ಮೇಲಿನ ಚಿತ್ರದಾಟವಾಗಿತ್ತು. ಗಾಡಿಗೆ ಹೊತ್ತೊಯ್ಯಬಹುದಾದ ಮಾಂಸಕ್ಕೆ ಮಿತಿಯಿದ್ದರೂ ಮಕ್ಕಳು ಕಾಡೆಮ್ಮೆಗಳನ್ನು ಸಾಲಾಗಿ ಕೆಡವುತ್ತಿದ್ದರು. ನಕ್ಷೆ, ಲೆಕ್ಕ ಎಲ್ಲ ಮೂಲೆಗೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಕ್ಕಳನ್ನು ಗಾಡಿಯಲ್ಲಿ ಕೂರಿಸಿದ ಆಟ ವಲಸಿಗರ ಕಣ್ಣಿನಿಂದಷ್ಟೇ ಆ ನೆಲವನ್ನು ತೋರಿಸಿತು. ಅಲ್ಲೇ ಬಾಳುತ್ತಿದ್ದ ಮೂಲನಿವಾಸಿಗಳು ದಾರಿಬದಿಯ ಪಾತ್ರಗಳಾದರು. ಮನಸ್ಸನ್ನು ಹಿಡಿದಿಡುವ ಪಾಠ ಯಾರ ಪಕ್ಷದ್ದು ಎಂದು ಕೇಳುವುದು ಮೇಷ್ಟ್ರ ಪಾಲಿಗೇ ಉಳಿದ ಕೆಲಸವಾಗಿತ್ತು. 2021ರಲ್ಲಿ ಗೇಮ್‌ಲಾಫ್ಟ್ ಕಂಪನಿ ಹೊರತಂದ ಆವೃತ್ತಿಗೆ ಮೂಲನಿವಾಸಿಗಳ ಇತಿಹಾಸ ಬಲ್ಲ ವಿದ್ವಾಂಸರ ಸಲಹೆ ಪಡೆಯಲಾಯಿತು, ಮೂಲನಿವಾಸಿ ಪಾತ್ರಗಳಾಗಿ ಆಡುವ ಅವಕಾಶವೂ ಸೇರಿತು. ಅಷ್ಟರಲ್ಲಿ ಆಟಕ್ಕೆ 50 ವರ್ಷ ತುಂಬುತ್ತಿತ್ತು.